ಮುಳುಗಿದ ಊರಿನ ಶಾಂತಿ

ಹೋಗಿ ನೋಡದ ಊರಿನ ಬಗ್ಗೆ ಪೊಲೀಸರು ವರದಿ ಬರೆದರು. ಜೈಲಿನ ಸಾಹೇಬರು ಅದನ್ನು ನಂಬಿ ಕಣ್ಣುಮುಚ್ಚಿ ಸಹಿ ಹಾಕಿದರು. ಅನ್ಯಾಯ ಆದದ್ದು ಹೀಗೆ.

ಪರಸಪ್ಪ ಜಗಳದಲ್ಲಿ ಒಬ್ಬನ ಜೀವ ತೆಗೆದು ಒಂಬತ್ತು ವರ್ಷದಿಂದ ಜೈಲಿನಲ್ಲಿದ್ದ. ಶಿಕ್ಷೆ ತಪ್ಪೆಂದು ಅವನ ಹೆಂಡತಿ ಹುಲಿಗೆವ್ವ ಎಂದೂ ಅಂದವಳಲ್ಲ. ಆದರೆ ಈಗ ಅವಳ ಮಾವ, ಪರಸಪ್ಪನ ಅಪ್ಪ, ಹಾಸಿಗೆ ಹಿಡಿದಿದ್ದ. ಸಾಯುವ ಮೊದಲು ಮಗನ ಮುಖ ನೋಡಬೇಕು ಎಂಬುದೊಂದೇ ಮುದುಕನ ಆಸೆ. ಮನೆಗೆ ಬಂದು ಹೋಗಲು ಹದಿನೈದು ದಿನದ ಪೆರೋಲ್ ರಜೆ ಕೇಳಿ ಅರ್ಜಿ ಹಾಕಿದರು.

“ಆಗೂದಿಲ್ಲಂತ ಯವ್ವಾ, ಮನಿಗೆ ಹೋಗು,” ಎಂದ ಜೈಲಿನ ಗುಮಾಸ್ತ.

“ಆಗೂದಿಲ್ಲ ಅನ್ನೂದನ್ನ ಹಾಳಿ ಮ್ಯಾಲ ಬರದು ಕೊಡ್ರಿ. ಬರೇ ಬಾಯಿಮಾತು ತಗೊಂಡು ನಮ್ಮ ಮಾವಗ ಏನ್ ಹೇಳ್ಲಿ?”

ಕೂತ ಜಾಗದಿಂದ ಅವಳು ಏಳಲಿಲ್ಲ. ಸಂಜೆಗೆ ಕಾಗದ ಬಂತು.

ಅದನ್ನು ಹಿಡಿದು ಉಚಿತ ಕಾನೂನು ನೆರವಿನ ಕಚೇರಿಗೆ ಹೋದಳು. ಅಲ್ಲಿನ ವಕೀಲೆ ಓದಿದರು: “ಕೈದಿ ಬಂದರೆ ಹೊಳೆಗುಂದಿ ಗ್ರಾಮದ ಶಾಂತಿ ಕೆಡುತ್ತದೆ.”

ಹುಲಿಗೆವ್ವ ಬಿದ್ದು ಬಿದ್ದು ನಕ್ಕಳು. “ಆ ಊರು ಡ್ಯಾಮಿನ ನೀರಾಗ ಮುಳುಗಿ ಆರು ವರ್ಸ ಆತ್ರೀ ಅಕ್ಕಾರ! ನಾವು ಗುಡ್ಡದ ಮ್ಯಾಲಿನ ಹೊಸ ಊರಾಗ ಅದೀವಿ. ಅಲ್ಲಿಗೆ ಒಬ್ಬ ಪೊಲೀಸೂ ಬಂದಿಲ್ಲ.”

ಜೈಲಿನ ರಿಜಿಸ್ಟರಿನಲ್ಲಿ ಹಳೆಯ ವಿಳಾಸವೇ ಉಳಿದಿತ್ತು. ಠಾಣೆಯವರು ಕುರ್ಚಿ ಬಿಟ್ಟು ಏಳದೆ ವರದಿ ಗೀಚಿದ್ದರು.

ವಕೀಲೆ ಇದನ್ನೆಲ್ಲ ಬರೆದು ಹೈಕೋರ್ಟಿಗೆ ಅರ್ಜಿ ಹಾಕಿದರು. ಅಲ್ಲಿ ನ್ಯಾಯಾಧೀಶರು ಸರ್ಕಾರದ ವಕೀಲರನ್ನು ಕೇಳಿದರು: “ಯಾರ ಶಾಂತಿ ಕೆಡುತ್ತದೆ ವಕೀಲರೇ? ಮೀನುಗಳದ್ದೋ?”

ಕೋರ್ಟೆಲ್ಲ ನಕ್ಕಿತು. ನ್ಯಾಯಾಧೀಶರು ನಗಲಿಲ್ಲ.

“ಪೆರೋಲ್ ಕೊಡುವುದು ಬಿಡುವುದು ಜೈಲಿನವರ ಕೆಲಸ. ಆದರೆ ಸುಳ್ಳು ಕಾರಣ ಕೊಟ್ಟು ಬೇಡವೆನ್ನುವ ಹಕ್ಕು ಯಾರಿಗೂ ಇಲ್ಲ. ಈ ಆದೇಶ ರದ್ದು. ಊರಿಗೆ ಹೋಗಿ, ಜನರನ್ನು ಕೇಳಿ, ಏಳು ದಿನದಲ್ಲಿ ಮತ್ತೆ ತೀರ್ಮಾನಿಸಿ.”

ಈ ಸಲ ಪೊಲೀಸರು ಗುಡ್ಡ ಹತ್ತಿದರು. ಸತ್ತವನ ಅಣ್ಣನನ್ನೂ ಕೇಳಿದರು.

“ತಂದಿ ಮಕ ನೋಡಾಕ ಬರ್ತಾನಂದ್ರ ಬರ್ಲಿ ಬಿಡ್ರಿ. ನಂದೇನೂ ಅಡ್ಡಿ ಇಲ್ಲ,” ಎಂದ ಅವನು.

ಪೆರೋಲ್ ಸಿಕ್ಕಿ ಪರಸಪ್ಪ ಬಂದ. ಅಪ್ಪನಿಗೆ ಸ್ನಾನ ಮಾಡಿಸಿದ, ಗಡ್ಡ ಬೋಳಿಸಿದ, ನುಚ್ಚು ಮಜ್ಜಿಗೆ ಕಲಸಿ ಉಣಿಸಿದ. “ಉಪ್ಪು ಕಮ್ಮಿ ಆಗೇತಲೇ,” ಎಂದು ಬೈದ ಮುದುಕ ಇನ್ನೊಂದು ಸಲ ಹಾಕಿಸಿಕೊಂಡ. ಹದಿನೈದು ದಿನ ಮುಗಿದಾಗ ಪರಸಪ್ಪ ತಾನಾಗಿಯೇ ಜೈಲಿಗೆ ಮರಳಿದ.

ನೀತಿ: ಬೇಡವೆನ್ನುವ ಅಧಿಕಾರ ಅಧಿಕಾರಿಗೆ ಇದೆ. ನೋಡದೆ ಬೇಡವೆನ್ನುವ ಅಧಿಕಾರ ಇಲ್ಲ. ನಿಮ್ಮವರ ಅರ್ಜಿಯನ್ನು ತಳ್ಳಿಹಾಕಿದರೆ ಅಳುತ್ತ ಮನೆಗೆ ಬರಬೇಡಿ. ಕಾರಣ ಬರೆದು ಕೊಡಿ ಎಂದು ಕೇಳಿ. ಆ ಕಾರಣ ಸುಳ್ಳಾದರೆ ನಾಳೆಯೇ ಕೋರ್ಟಿನ ಮೆಟ್ಟಿಲು ಹತ್ತಿ.