ಮೊನೆಯಿಲ್ಲದ ಈಟಿ

ಕಲ್ಲುಕಟ್ಟೆ ಕೆರೆಯ ರಕ್ಷಣಾ ಸಮಿತಿ ಮೊಲಗಳಿಗೆ ಮೋಸ ಮಾಡಿತು. ನಲವತ್ತು ಈಟಿ ಕೊಡಿಸುತ್ತೇವೆ ಎಂದು ಹೇಳಿ ಒಂದನ್ನು ಕೊಡಿಸಿತು. ಆ ಒಂದಕ್ಕೂ ಮೊನೆ ಇರಲಿಲ್ಲ. ಹೇಗಾಯಿತು ಕೇಳಿ, ಮಕ್ಕಳೇ.

ಕೆರೆಯ ಏರಿಯ ಕೆಳಗೆ ಮೊಲಗಳ ಬಿಲಗಳಿದ್ದವು. ಗುಡ್ಡದ ಕಡೆಗಿದ್ದ ಮೊದಲ ಬಿಲ ಚೂಟಿಯದು. ಚೂಟಿ ಮೊಲಗಳ ಕಾವಲುಪಡೆಯ ಮುಂದಾಳು. ಅವಳ ಬಿಲದಲ್ಲಿ ಇನ್ನೂ ಕಣ್ಣು ಬಿಡದ ಐದು ಮರಿಗಳಿದ್ದವು. ಗುಡ್ಡದ ನರಿಗಳು ಇಳಿದು ಬಂದರೆ ಮೊದಲು ಮೂತಿ ತೂರಿಸುವುದು ಅಲ್ಲಿಗೇ.

ಚೂಟಿ ಸಮಿತಿಯ ಮುಂದೆ ನಿಂತು ಕೇಳಿದ್ದು ಇಷ್ಟೆ. "ನಲವತ್ತು ಬಿದಿರಿನ ಕೋಲು ಕೊಡಿಸಿ. ತುದಿ ಚೂಪಾಗಿರಲಿ. ನಾವು ಎತ್ತುವಷ್ಟು ಹಗುರವಾಗಿರಲಿ. ಇನ್ನೇನೂ ಬೇಡ."

ಸಮಿತಿಯಲ್ಲಿ ಮೂವರಿದ್ದರು. ಅಧ್ಯಕ್ಷ ಆಮೆ. ನರಿ ಬಂದರೆ ಚಿಪ್ಪಿನೊಳಗೆ ಸೇರುತ್ತಿದ್ದ. ಸದಸ್ಯ ನವಿಲು. ನರಿ ಬಂದರೆ ಮರದ ಮೇಲೆ ಹಾರಿ ಕೂರುತ್ತಿದ್ದ. ಇನ್ನೊಬ್ಬ ಸದಸ್ಯ ಕಪ್ಪೆ. ನರಿ ಬಂದರೆ ನೀರಿಗೆ ಧುಮುಕುತ್ತಿದ್ದ. ನರಿಯ ಬಾಯಿಗೆ ಸಿಗುವಂಥವರು ಆ ಸಮಿತಿಯಲ್ಲಿ ಒಬ್ಬರೂ ಇರಲಿಲ್ಲ. ಇದನ್ನು ಮರೆಯಬೇಡಿ.

"ಬರೀ ಕೋಲೇ?" ನವಿಲು ಕತ್ತು ಕೊಂಕಿಸಿದ. "ಪಕ್ಕದ ಕೆರೆಯವರು ನೋಡಿದರೆ ನಕ್ಕಾರು. ಈಟಿ ಅನ್ನಿ. ಗರಿ ಕಟ್ಟಿಸಿ."

"ನೀರಿನಲ್ಲಿ ತೇಲಬೇಕು," ಎಂದ ಕಪ್ಪೆ.

"ನರಿ ನೀರಿಗೆ ಇಳಿಯುವುದಿಲ್ಲವಲ್ಲ ಸ್ವಾಮಿ?" ಎಂದಳು ಚೂಟಿ.

"ಇಳಿದರೆ?"

ಆಮೆ ಗಂಟಲು ಸರಿಮಾಡಿಕೊಂಡ. "ಮಳೆ ಬಂದರೆ? ಒಂದು ಕೊಡೆ ಇರಲಿ. ಹದ್ದು ಬಂದರೆ? ಕೊಕ್ಕೆ ಇರಲಿ. ಆನೆ ಬಂದರೂ ತಡೆಯುವಷ್ಟು ದಪ್ಪ ಇರಲಿ."

"ರಾಯರೇ, ನಮ್ಮ ಕೆರೆಗೆ ಆನೆ ಬಂದದ್ದನ್ನು ಯಾರು ಕಂಡಿದ್ದಾರೆ?"

"ಕಾಣದ್ದಕ್ಕೇ ಸಿದ್ಧವಾಗಿರಬೇಕಮ್ಮ. ನಿನಗೆ ಇದೆಲ್ಲ ತಿಳಿಯೋದಿಲ್ಲ."

ಗುತ್ತಿಗೆದಾರ ಕೋತಿ ಕೊಂಬೆಯ ಮೇಲೆ ಕೂತು ಒಂದೊಂದಕ್ಕೂ "ಆಗಲಿ ಬುದ್ಧೀ, ಆಗಲಿ" ಎನ್ನುತ್ತಿದ್ದ. ಒಂದು ಕೋಲಿಗೆ ಬೆಲೆಯಾಗಿ ಒಂದು ತಾವರೆಗೆಡ್ಡೆ ಸಾಕಾಗಿತ್ತು. ಈಗ ಒಂದು ಈಟಿಗೆ ಒಂದು ಗುಡ್ಡೆ ಗೆಡ್ಡೆ ಎಂದ.

ಉಗ್ರಾಣದಲ್ಲಿ ಅಷ್ಟು ಎಲ್ಲಿತ್ತು? ಆ ವರ್ಷ ಕಾಡುಹಂದಿಗಳು ಕೆರೆಯಂಗಳವನ್ನು ಅಗೆದು ಅರ್ಧದಷ್ಟು ಗೆಡ್ಡೆ ತಿಂದು ಹೋಗಿದ್ದವು. ಇದ್ದುದರಲ್ಲೇ ಸರಿದೂಗಿಸಬೇಕಿತ್ತು.

"ಕೊಡೆ ಬಿಡಿ, ಗರಿ ಬಿಡಿ," ಎಂದಳು ಚೂಟಿ. "ಈಟಿ ಉಳಿಸಿ."

"ಗುಣಮಟ್ಟದಲ್ಲಿ ರಾಜಿ ಇಲ್ಲ!" ಎಂದ ಆಮೆ. ಕೊಡೆ ಉಳಿಯಿತು. ನಲವತ್ತು ಈಟಿ ಹತ್ತಾಯಿತು. ಹತ್ತು ಮೂರಾಯಿತು. ಮೂರು ಒಂದಾಯಿತು. ಆ ಒಂದಕ್ಕೂ ನಾಲ್ಕು ಗೆಡ್ಡೆ ಕಡಿಮೆ ಬಿತ್ತು. ಆಗ ಸಮಿತಿ ತುಂಬಾ ಹೊತ್ತು ಯೋಚಿಸಿ ಮೊನೆಯನ್ನು ಕೈಬಿಟ್ಟಿತು.

"ಮೊನೆ ಎರಡನೇ ಹಂತದಲ್ಲಿ ಬರುತ್ತೆ," ಎಂದ ಕಪ್ಪೆ.

ಈಟಿ ಬಂತು. ಎತ್ತಲು ಹನ್ನೆರಡು ಮೊಲ ಬೇಕಾದವು. ಅದನ್ನು ಏರಿಯ ಮೇಲೆ ಮಲಗಿಸಿ, ಗೀರು ಬೀಳದಿರಲೆಂದು ತಾವರೆ ಎಲೆ ಹೊದಿಸಿದರು. ಇರುವುದು ಒಂದೇ ಅಲ್ಲವೇ? ಯಾರಾದರೂ ಕದ್ದರೆ? ಇಡೀ ಕಾವಲುಪಡೆ ಬಿಲ ಬಿಟ್ಟು ಏರಿ ಹತ್ತಬೇಕೆಂದು ಆಮೆ ಅಪ್ಪಣೆ ಮಾಡಿದ.

"ಹಾಗಾದರೆ ನಮ್ಮ ಬಿಲ ಕಾಯುವವರು ಯಾರು?" ಎಂದಳು ಚೂಟಿ.

"ಈಟಿ."

"ಈಟಿಯನ್ನು ಕಾಯುವವರು?"

"ನೀವು."

ಚೂಟಿ ಹಲ್ಲು ಕಡಿದುಕೊಂಡು ಏರಿ ಇಳಿದಳು. ನೇರವಾಗಿ ಹೋದದ್ದು ಮುಳ್ಳುಹಂದಿ ಅಜ್ಜಿಯ ಗುಹೆಗೆ. ಗುಹೆಯ ಬಾಗಿಲಲ್ಲಿ ಉದುರಿದ ಮುಳ್ಳಿನ ರಾಶಿಯೇ ಬಿದ್ದಿತ್ತು.

"ಅಜ್ಜೀ, ಈ ಮುಳ್ಳು ಒಯ್ಯಲೇ?"

"ಒಯ್ಯಿ ತಾಯಿ, ಗುಡಿಸಿ ಗುಡಿಸಿ ನನ್ನ ಸೊಂಟ ಬಿದ್ದುಹೋಗಿದೆ. ಪುಕ್ಕಟೆ ಕೊಡ್ತೀನಿ ಅಂತ ಸಮಿತಿಗೂ ಹೋಗಿ ಹೇಳಿದ್ದೆ."

"ಏನಂದರು?"

"'ಹಿಂದೆ ಆನೆ ತಡೆದ ಅನುಭವ ಇದೆಯಾ?' ಅಂದರು. ಅನುಭವಕ್ಕೆ ನಾನು ಎಲ್ಲಿಂದ ಆನೆ ತರಲಿ?"

ಚೂಟಿ ಮುಳ್ಳು ಹೊತ್ತು ತಂದಳು. ತನ್ನ ಬಿಲದ ಬಾಯಿಯ ಸುತ್ತ ಹಸಿ ಮಣ್ಣು ಮೆತ್ತಿ, ಮೊನೆ ಹೊರಕ್ಕಿಟ್ಟು ಸಾಲಾಗಿ ನೆಟ್ಟಳು. ಅಕ್ಕಪಕ್ಕದವರೂ ಕೈ ಹಾಕಿದರು. ಸಂಜೆಯೊಳಗೆ ಒಂದು ಬಿಲ ಬಿಟ್ಟು ಎಲ್ಲ ಬಿಲಗಳಿಗೂ ಮುಳ್ಳು ಬಂತು. ಕೊನೆಯ ಬಿಲದ ಕರಿಯಣ್ಣ ಮೊಲ ಮಾತ್ರ, "ನಂಗೆ ಸಮಿತಿ ಮೇಲೆ ನಂಬಿಕೆ ಇದೆ" ಎಂದು ಬಿಲದೊಳಗೆ ಹೋಗಿ ಮಲಗಿದ.

ಮರುದಿನ ಬೆಳಗಿನ ಮಂಜಿನಲ್ಲಿ ನಾಲ್ಕು ನರಿಗಳು ಇಳಿದವು.

"ಈಟಿ ಎತ್ತಿ!" ಎಂದು ಚಿಪ್ಪಿನೊಳಗಿಂದ ಆಮೆ ಕೂಗಿದ.

ಹನ್ನೆರಡು ಮೊಲಗಳು ಎತ್ತಿದವು. ಎತ್ತಿದ್ದೇ ತಡ, ಕೊಡೆ ಬಿಚ್ಚಿಕೊಂಡಿತು. ಗಾಳಿ ಬೀಸಿತು. ಈಟಿ, ಗರಿ, ಕೊಕ್ಕೆ, ಕೊಡೆ ಎಲ್ಲ ಸೇರಿ ಏರಿಯಿಂದ ಉರುಳಿ ಕೆರೆಗೆ ಬಿದ್ದವು.

"ತೇಲಿತು! ನೋಡಿ, ತೇಲಿತು!" ಎಂದು ಕಪ್ಪೆ ನೀರಿನಲ್ಲಿ ಕುಣಿದಾಡಿದ.

"ಗರಿ ಎಷ್ಟು ಚೆನ್ನಾಗಿ ಕಾಣುತ್ತೆ!" ಎಂದು ನವಿಲು ಮರದ ಮೇಲಿಂದ ಹೇಳಿದ.

ಚೂಟಿ ಅದನ್ನು ನೋಡಲು ನಿಲ್ಲಲಿಲ್ಲ. ಏದುಸಿರು ಬಿಡುತ್ತ ಏರಿ ಇಳಿದು ತನ್ನ ಬಿಲದತ್ತ ಓಡಿದಳು. ದೊಡ್ಡ ನರಿ ಆಗಲೇ ಮೂತಿ ತೂರಿಸುತ್ತಿತ್ತು. ಮರುಕ್ಷಣ "ಅಯ್ಯಯ್ಯೋ!" ಎಂಬ ಕೂಗು ಗುಡ್ಡಕ್ಕೆಲ್ಲ ಕೇಳಿಸಿತು. ಮೂಗಿಗೆ ಮೂರು ಮುಳ್ಳು ಚುಚ್ಚಿಕೊಂಡು ನರಿ ಹಿಂದಕ್ಕೆ ನೆಗೆದು ಓಡಿತು. ಇನ್ನೆರಡು ನರಿಗಳದೂ ಅದೇ ಪಾಡು. ನಾಲ್ಕನೆಯದು ಮಾತ್ರ ಕರಿಯಣ್ಣನ ಬಿಲಕ್ಕೆ ಬಾಯಿ ಹಾಕಿ ಅವನ ಅರ್ಧ ಕಿವಿ ಕಿತ್ತುಕೊಂಡು ಹೋಯಿತು. ಚೂಟಿಯ ಐದು ಮರಿಗಳು ಒಂದರ ಮೇಲೊಂದು ಬಿದ್ದು ಇನ್ನೂ ನಿದ್ದೆ ಮಾಡುತ್ತಿದ್ದವು.

ಮಧ್ಯಾಹ್ನ ಸಮಿತಿ ಸಭೆ ಸೇರಿತು. ಚೂಟಿಯನ್ನು ಕರೆಸಿದರು.

"ಅನುಮತಿ ಇಲ್ಲದೆ ಮುಳ್ಳು ನೆಟ್ಟಿದ್ದೀಯಂತೆ?" ಎಂದ ಆಮೆ. "ಇರಲಿ. ಮುಳ್ಳನ್ನೂ ನಾವೇ ಕೊಳ್ಳುತ್ತೇವೆ. ಆದರೆ ಮುಳ್ಳಿಗೂ ಕೊಡೆ ಇರಬೇಕು."

ಕೊಂಬೆಯ ಮೇಲೆ ಕೋತಿ, "ಆಗಲಿ ಬುದ್ಧೀ" ಎಂದ.

"ಆಗಬಹುದು ರಾಯರೇ," ಎಂದಳು ಚೂಟಿ. "ಆದರೆ ಇನ್ನು ಸಭೆಯೆಲ್ಲ ನನ್ನ ಬಿಲದ ಬಾಗಿಲಲ್ಲಿ. ತಾವು ಚಿಪ್ಪು ಕಳಚಿಟ್ಟು ಬರಬೇಕು."

"ಚಿಪ್ಪು ಕಳಚೋಕೆ ಬರೋದಿಲ್ಲಮ್ಮ!"

"ಹಾಗಾದರೆ ಜಾಗ ಬಿಡಿ."

ಅರ್ಧ ಕಿವಿಯ ಕರಿಯಣ್ಣನೇ ಮೊದಲು ಎದ್ದು ಬಂದು ಸಮಿತಿಯವರು ಕೂರುತ್ತಿದ್ದ ಬಂಡೆಯ ಮೇಲೆ ಕೂತ. ಹಿಂದೆಯೇ ಮೊಲಗಳೆಲ್ಲ ಬಂದು ಕೂತವು. ನವಿಲು ಹಾರಿಹೋದ, ಕಪ್ಪೆ ನೆಗೆದುಹೋದ. ಆಮೆ ಬಂಡೆ ಇಳಿಯುವುದಕ್ಕೆ ಸಂಜೆಯಾಯಿತು.

ನೀತಿ: ಅಪಾಯ ಯಾರ ಬಾಗಿಲಿಗೆ ಬರುತ್ತದೋ ಆಯುಧ ಆರಿಸುವ ಮಾತೂ ಅವರದೇ ಆಗಿರಬೇಕು, ಉಗ್ರಾಣ ಬರಿದಾಗುತ್ತಿರುವಾಗ ಬಿಡಬೇಕಾದದ್ದು ಕೊಡೆಯನ್ನು, ಮೊನೆಯನ್ನಲ್ಲ. ಯಾರಾದರೂ ನಿಮ್ಮ ಹೆಸರಿನಲ್ಲಿ ಏನನ್ನಾದರೂ ಕೊಳ್ಳಲು ಹೊರಟರೆ ಬಾಯಿ ಮುಚ್ಚಿ ಕೂರಬೇಡಿ. ಎದ್ದು ನಿಲ್ಲಿ, ಗಟ್ಟಿಯಾಗಿ ಕೇಳಿ: "ಮೊನೆ ಎಲ್ಲಿ?"