ಹೊರಡುವ ಎಣ್ಣೆ

ಹಿಮಾಲಯದ ಒಂದು ಕಣಿವೆಯಲ್ಲಿ ಕನ್ನಡ ಮಾತಾಡುವ ಆಶ್ರಮವೊಂದಿತ್ತು. ಆಶ್ರಮವೆಂದರೆ ದೊಡ್ಡದೇನಲ್ಲ. ಎರಡು ಕಲ್ಲಿನ ಕೋಣೆ, ಒಂದು ಅಡುಗೆಮನೆ, ಅಂಗಳದಾಚೆ ಜೀಪು ನಿಲ್ಲಿಸುವ ಕೊಟ್ಟಿಗೆ. ಗದಗದ ಕಡೆಯಿಂದ ಎಂದೋ ಹೋಗಿ ಅಲ್ಲಿ ನೆಲೆಸಿದ ಮುದುಕ ಗುರುವನ್ನು ಎಲ್ಲರೂ ಅಜ್ಜ ಎನ್ನುತ್ತಿದ್ದರು.

ಚಳಿಗಾಲದಲ್ಲಿ ಸೂರ್ಯ ಆ ಕಣಿವೆಗೆ ಇಳಿಯುವುದಿಲ್ಲ. ಬೆಟ್ಟದ ಹಿಂದೆಯೇ ಹಾದುಹೋಗುತ್ತಾನೆ. ಹಗಲು ಇರುತ್ತದೆ, ಯಾವುದಕ್ಕೂ ನೆರಳಿರುವುದಿಲ್ಲ.

ಮೇಲಿನ ಹಳ್ಳಿಯಲ್ಲಿ ಯಾರ ಜೀವಕ್ಕಾದರೂ ಅಪಾಯ ಬಂದರೆ ಕೆಳಗಿನ ಊರಿನ ಆಸ್ಪತ್ರೆಗೆ ಒಯ್ಯಲು ಇದ್ದದ್ದು ಆಶ್ರಮದ ಹಳೇ ಪೆಟ್ರೋಲ್ ಜೀಪೊಂದೇ. ಆ ವರ್ಷ ಹಳ್ಳಿಯ ಛುಸ್ಕಿತ್ ಬಸುರಿ. ಮಗು ಅಡ್ಡ ತಿರುಗಿದೆ, ಇಲ್ಲಿ ಹೆರಿಗೆ ಆಗದು, ಆದರೆ ಇನ್ನೂ ದಿನ ಇದೆ ಎಂದು ಸೂಲಗಿತ್ತಿ ಹೇಳಿದ್ದಳು.

ಜೀಪು ಶಿಷ್ಯ ಮಾನಯ್ಯನ ಪಾಲಿನ ಕೆಲಸ. ಆ ಬೇಸಿಗೆಯಲ್ಲಷ್ಟೇ ಬಂದವನು, ಮೊದಲು ಸಿಂಧನೂರಿನಲ್ಲಿ ಲಾರಿ ಗ್ಯಾರೇಜು ಇಟ್ಟಿದ್ದ. ಧ್ಯಾನಕ್ಕೆ ಕೂತರೆ ತೂಕಡಿಸುತ್ತಿದ್ದ, ಇಂಜಿನ್ ಮುಂದೆ ಮಾತ್ರ ಎಚ್ಚರವಾಗಿರುತ್ತಿದ್ದ. ಊರಿಂದ ಬರುವಾಗಲೇ ಒಂದು ಡಬ್ಬಿ ಇಂಜಿನ್ ಆಯಿಲ್ ಹೊತ್ತು ತಂದಿದ್ದ. ಹಳೆಯದನ್ನು ಇಳಿಸಿ ಅದನ್ನು ಹಾಕಿದ.

"ಎಂಥಾ ಎಣ್ಣಿಪಾ ಅದು?" ಎಂದರು ಅಜ್ಜ.

"ಇಪ್ಪತ್ತು ಡಬ್ಲ್ಯು ಐವತ್ತು ಅಂತಾರ್ರಿ ಅಜ್ಜಾರ. ಗಟ್ಟಿ ಮಾಲು. ನಮ್ಮ ಕಡಿ ಬಿಸಲಾಗ ಇಂಜಿನ್ ಎಷ್ಟ ಕಾದ್ರೂ ತೆಳ್ಳಗ ಆಗಂಗಿಲ್ಲ."

"ಐವತ್ತು ಅಂದ್ರ?"

"ಕಾದಾಗ ಎಷ್ಟು ಗಟ್ಟಿ ಇರ್ತೈತಿ ಅಂತ್ರಿ."

"ಇಪ್ಪತ್ತು ಅಂದ್ರ?"

ಮಾನಯ್ಯ ತಲೆ ಕೆರೆದುಕೊಂಡ. "ಅದು ಚಳಿ ಲೆಕ್ಕರಿ. ಅದು ಕಡಿಮಿ ಇದ್ದಷ್ಟು ಚಳ್ಯಾಗ ಛಲೋ ಹರೀತೈತಿ. ನಮ್ಮ ಕಡಿ ಅದನ್ನ ಯಾರೂ ನೋಡಂಗಿಲ್ಲ."

"ಹಂಗಾರ ಚಳಿ ಬರ್ಲಿ," ಎಂದರು ಅಜ್ಜ. "ಅದು ನೋಡ್ತೈತಿ."

ಚಳಿ ಬಂತು. ಕೊಡದ ನೀರು ಹೆಪ್ಪುಗಟ್ಟಿ ಕೊಡವೇ ಸೀಳಿಹೋಯಿತು. ಹೊರಗಿಟ್ಟರೆ ಬ್ಯಾಟರಿ ಸಾಯುತ್ತದೆಂದು ಮಾನಯ್ಯ ಸಂಜೆಯೇ ಅದನ್ನು ಬಿಚ್ಚಿ ತಂದು, ಒಲೆಯ ಹತ್ತಿರ ಕಂಬಳಿ ಹೊದಿಸಿ, ತಾನೂ ಅದರ ಪಕ್ಕದಲ್ಲೇ ಮಲಗುತ್ತಿದ್ದ.

ಒಂದು ಬೆಳಗ್ಗೆ ಕೊಟ್ಟಿಗೆಯಿಂದ ಸದ್ದು ಬಂತು. ಕುರ್ರ್. ಸ್ವಲ್ಪ ತಡೆದು ಮತ್ತೆ, ಕುರ್ರ್. ಯಾರೋ ಕೀಲಿ ತಿರುವಿ ಜೀಪು ಹೊರಡಿಸಲು ನೋಡುತ್ತಿದ್ದರು.

ಮಾನಯ್ಯ ಕಂಬಳಿಯೊಳಗೆ ಕೈ ಹಾಕಿ ಮುಟ್ಟಿ ನೋಡಿದ. ಬ್ಯಾಟರಿ ಅಲ್ಲೇ ಇತ್ತು. ಕೀಲಿ ಅವನ ಕೊರಳ ದಾರದಲ್ಲಿತ್ತು.

ಅಜ್ಜ ಆಗಲೇ ಎದ್ದು ಚಹಾ ಕಾಸುತ್ತಿದ್ದರು.

"ಅಜ್ಜಾರ, ಯಾರೋ ಜೀಪು ಚಾಲೂ ಮಾಡಾಕತ್ತಾರ್ರಿ."

"ಹೂಂ. ಹೊರಡಾಕ ನೋಡ್ತಾನ."

"ಬ್ಯಾಟರಿ ನನ್ನ ಮಗ್ಗಲದಾಗ ಐತ್ರಿ."

"ಬ್ಯಾಟರಿ ಬೇಕಾಗೂದು ನಿನಗ."

ಅಜ್ಜ ಎಂದಿನಂತೆ ಮೂರು ಕಪ್ಪಿಗೆ ಚಹಾ ಸುರಿದರು. ಮೂರನೆಯದನ್ನು ದಿನಾ ಕೊಟ್ಟಿಗೆಯ ಗೋಡೆಯ ಮೇಲಿಡುತ್ತಿದ್ದರು. ಹಕ್ಕಿಗಳಿಗೆ ಇರಬೇಕು ಎಂದುಕೊಂಡಿದ್ದ ಮಾನಯ್ಯ. ಆ ಚಳಿಯಲ್ಲಿ ಹಕ್ಕಿಗಳೇ ಇರಲಿಲ್ಲ ಎಂಬುದು ಅವನಿಗೆ ಈಗ ಹೊಳೆಯಿತು.

"ಯಾರ್ರಿ ಅವ?"

"ಗುರುಪಾದ. ನಿನಗಿಂತ ಮೊದಲಿನ ಶಿಷ್ಯ. ಹೋದ ಚಳಿಗಾಲ ನನಗ ಉಸಿರು ಹಿಡಕೊಂಡಿತ್ತು. ಡಾಕ್ಟರನ್ನ ಕರ್ಕೊಂಡ್ ಬರ್ತೀನಿ ಅಂತ ಹೋಗಿ ಜೀಪಿನಾಗ ಕುಂತ. ನೀ ತಂದಂಥದ ಗಟ್ಟಿ ಎಣ್ಣಿ ಇತ್ತು. ಇಂಜಿನ್ ಹತ್ತಲಿಲ್ಲ. ಇನ್ನೊಮ್ಮಿ ನೋಡ್ತೀನಿ, ಇನ್ನೊಮ್ಮಿ ನೋಡ್ತೀನಿ ಅಂತ ಅಲ್ಲೇ ಕುಂತ. ನಾ ಗ್ವಾಡಿ ಹಿಡ್ಕೊಂಡು ಹೋಗಿ ನೋಡೂದ್ರಾಗ ಸೆಟೆದ ಕೈ ಕೀಲಿ ಮ್ಯಾಲ ಹಂಗ ಇತ್ತು."

"ಆದ್ರ ನೀವು ಆರಾಮಾದ್ರಲ್ರಿ."

"ಆರಾಮಾದೆ. ಅವಗ ಅದು ಗೊತ್ತಿಲ್ಲ."

ಮಾನಯ್ಯನಿಗೆ ಭಯವೂ ಆಯಿತು, ಸಂಕಟವೂ ಆಯಿತು.

"ಗ್ವಾಡಿ ಮ್ಯಾಲ ನಿನ್ನೆ ಎರಡು ಬಟ್ಟಲ ಇಟ್ಟೀನಿ. ಬಗ್ಗಿಸಿ ನೋಡು, ಹೋಗು," ಎಂದರು ಅಜ್ಜ.

ಮಾನಯ್ಯ ಮೊದಲನೆಯದನ್ನು ಬಗ್ಗಿಸಿದ. ಒಳಗಿದ್ದದ್ದು ಅವನು ತಂದ ಎಣ್ಣೆ. ಆರಿದ ಬೆಲ್ಲದ ಪಾಕದ ಹಾಗೆ ಅಂಟಿಕೊಂಡು ಕೂತಿತ್ತು. ಎರಡನೆಯದನ್ನು ಬಗ್ಗಿಸುತ್ತಲೇ ಎಣ್ಣೆ ಹರಿದು ಹಿಮದ ಮೇಲೆ ಬಿತ್ತು.

ಅವನು ಒಳಗೆ ಬರುವಷ್ಟರಲ್ಲಿ ಅಜ್ಜ ಪೂಜೆಯ ಗೂಡಿನಿಂದ ಕಾವಿ ಬಟ್ಟೆ ಸುತ್ತಿದ ಡಬ್ಬಿಯೊಂದನ್ನು ಇಳಿಸಿದ್ದರು. ಗಂಗಾಜಲ ಅಂತ ತಿಳಿದು ಮಾನಯ್ಯ ಬೇಸಿಗೆಯಿಂದ ಅದಕ್ಕೆ ಕೈ ಮುಗಿಯುತ್ತ ಬಂದಿದ್ದ.

"ಗುರುಪಾದನ್ನ ಮಣ್ಣು ಮಾಡಿ ಬಂದ ದಿನ ಒಬ್ಬ ಮಿಲಿಟರಿ ಲಾರಿ ಡ್ರೈವರ್ ಈ ಎಣ್ಣಿ ಕೊಟ್ಟು ಹೋದ. ಓದು."

"ಸೊನ್ನಿ ಡಬ್ಲ್ಯು ನಲವತ್ತು." ಅಷ್ಟು ಹೆದರಿಕೆಯಲ್ಲೂ ಮಾನಯ್ಯನಿಗೆ ನಗು ಬಂತು. "ಸೊನ್ನಿ ಏನ್ ಮಾಡ್ತೈತ್ರಿ?"

"ನಗಬ್ಯಾಡ. ಅದನ್ನ ಹುಡುಕ್ಕೊಂತನ ನಾ ಇಲ್ಲೀ ತನಕ ಬಂದದ್ದು."

"ಮೊದಲೇ ಹೇಳಬಾರದಿತ್ತೇನ್ರಿ?"

"ಹೇಳಿದ್ರ ಹೂಂ ಅಂತಿದ್ದಿ. ನೀ ಓಡೂ ಲೆಕ್ಕ ನೋಡಿದಿ, ಹೊರಡೂ ಲೆಕ್ಕ ನೋಡಲಿಲ್ಲ."

ಗುರು-ಶಿಷ್ಯರ ಮಾತು ಅಲ್ಲಿಗೇ ನಿಂತಿತು. ಛುಸ್ಕಿತ್‌ಳ ಗಂಡ ಲೋಬ್ಜಂಗ್ ಏದುಸಿರು ಬಿಡುತ್ತ ಬಾಗಿಲಿಗೆ ಬಂದಿದ್ದ. ಅವಳಿಗೆ ನೋವು ಶುರುವಾಗಿದೆ, ರಕ್ತ ಹೋಗುತ್ತಿದೆ, ಹಲಗೆಯ ಮೇಲೆ ಹೊತ್ತು ತರುತ್ತಿದ್ದಾರೆ. ಇಷ್ಟು ಹೇಳಿ ಅವನು ಮತ್ತೆ ಮೇಲಕ್ಕೆ ಓಡಿದ.

ಮಾನಯ್ಯ ಒಲೆಯ ಕೆಂಡವನ್ನೆಲ್ಲ ಬಾಣಲೆಗೆ ತುಂಬಿ ಜೀಪಿನ ಅಡಿಗೆ ತಳ್ಳಿದ. ಕಾಯದೆ ಆ ಗಟ್ಟಿ ಎಣ್ಣೆ ಕೆಳಗಿಳಿಯುವಂತಿರಲಿಲ್ಲ. ತಾನೂ ಅಂಗಾತ ಮಲಗಿ ಅಡಿಗೆ ಸರಿದು ತಳದ ಬಿರಡೆ ಬಿಚ್ಚಿದ. ಎಣ್ಣೆ ಹನಿಹನಿಯಾಗಿ ಇಳಿಯತೊಡಗಿತು.

ಆಗ ಮೇಲೆ ಡ್ರೈವರ್ ಸೀಟು ಕಿರ್ ಎಂದಿತು. ಜೀಪು ಒಬ್ಬ ಮನುಷ್ಯನ ಭಾರಕ್ಕೆ ಒಂದಿಷ್ಟು ತಗ್ಗಿತು.

"ಅಜ್ಜಾರ, ನೀವು ಒಳಗ ಹತ್ತೀರೇನ್ರಿ?"

"ಇಲ್ಲ." ದನಿ ಕೊಟ್ಟಿಗೆಯ ಬಾಗಿಲಿಂದ ಬಂತು. ಅಜ್ಜನ ಎರಡು ಪಾದಗಳು ಅಲ್ಲೇ ಕಾಣುತ್ತಿದ್ದವು. "ನೀ ಎಣ್ಣಿ ಕಡೆ ನೋಡು."

ಕುರ್ರ್. ಸದ್ದು ಅವನ ಮುಖದ ಮೇಲೆಯೇ ಬಂತು. ಇಂಜಿನ್ನಿನಲ್ಲಿ ಏನೊಂದೂ ಅಲುಗಲಿಲ್ಲ. ಮಾನಯ್ಯ ಕಣ್ಣು ಮುಚ್ಚಿ, ಕೈಯನ್ನಷ್ಟೇ ನಂಬಿ ಕೆಲಸ ಮುಗಿಸಿದ.

ಹೊಸ ಎಣ್ಣೆ ತುಂಬಿದ. ಕೂಸನ್ನು ಎತ್ತಿಕೊಂಡು ಬಂದಂತೆ ಬ್ಯಾಟರಿಯನ್ನು ಕಂಬಳಿ ಸಮೇತ ತಂದು ಜೋಡಿಸಿದ. ಬಾಗಿಲು ತೆರೆದ. ಸೀಟು ಖಾಲಿ ಇತ್ತು. ಹತ್ತಲು ಮಾತ್ರ ಕಾಲು ಬರಲಿಲ್ಲ.

"ಸರಕೋ ಅನ್ನು," ಎಂದರು ಅಜ್ಜ. "ಒಳ್ಳೆಯವ ಅದಾನ."

"ಗುರುಪಾದಣ್ಣ, ಒಂದೀಟು ಸರಕೊಳ್ರಿ."

ಮಾನಯ್ಯ ಹತ್ತಿ ಕೂತ. ಕಲ್ಲು ಬಿರಿಯುವ ಆ ಚಳಿಯಲ್ಲಿ ಸೀಟು ಬೆಚ್ಚಗಿತ್ತು.

ಕೀಲಿ ತಿರುವಿದ. ಜೀಪು ಒಂದೇ ಸಲಕ್ಕೆ ಹತ್ತಿತು. ಆ ಸದ್ದು ಕೇಳಿ ಅಜ್ಜ ಕೊಟ್ಟಿಗೆಯ ಕಂಬ ಹಿಡಿದು ಅತ್ತರು.

ಹೊತ್ತು ತಂದವರು ಛುಸ್ಕಿತ್‌ಳನ್ನು ಜೀಪಿನ ಹಿಂದೆ ಮಲಗಿಸಿದರು. ಹಿಂದೆ ಇಕ್ಕಟ್ಟು, ಮುಂದೆ ಬಾ ಎಂದು ಮಾನಯ್ಯ ಲೋಬ್ಜಂಗ್‌ನನ್ನು ಕರೆದ. ಅವನು ಮುಂದಿನ ಸೀಟನ್ನು ಒಮ್ಮೆ ನೋಡಿದ. ಬೇಡವೆಂದು ತಲೆಯಾಡಿಸಿ ಹಿಂದೆಯೇ ಮುದುರಿ ಕೂತ.

ದಾರಿಯಲ್ಲಿ ಜೀಪು ಎಲ್ಲೂ ತಡವರಿಸಲಿಲ್ಲ. ಆಸ್ಪತ್ರೆಯ ಮುಂದೆ ನಿಂತದ್ದೇ ತಡ, ಎಡಗಡೆಯ ಬಾಗಿಲು ತೆರೆದು, ಮತ್ತೆ ಮುಚ್ಚಿಕೊಂಡಿತು. ಅಲ್ಲಿ ಯಾರೂ ಕೂತಿರಲಿಲ್ಲ. ಅದನ್ನು ಯೋಚಿಸಲು ಮಾನಯ್ಯನಿಗೆ ಹೊತ್ತೂ ಇರಲಿಲ್ಲ.

ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಹೆಣ್ಣು ಮಗು. ತಾಯಿಯೂ ಉಳಿದಳು. ಇನ್ನು ಸ್ವಲ್ಪ ತಡವಾಗಿದ್ದರೆ ಇಬ್ಬರೂ ಇರುತ್ತಿರಲಿಲ್ಲ ಎಂದು ದಾದಿ ಹೇಳಿದಳು. ಮಾನಯ್ಯ ಜೀಪಿನ ಬಾನೆಟ್ಟಿಗೆ ಹಣೆ ಹಚ್ಚಿ ನಿಂತುಕೊಂಡ.

ಮರಳಿ ಬಂದ ಮರುದಿನ ಬೆಳಗ್ಗೆ ಅವನು ಎದ್ದು ಕೂತು ಕಿವಿಗೊಟ್ಟ. ಕೊಟ್ಟಿಗೆಯಿಂದ ಯಾವ ಸದ್ದೂ ಬರಲಿಲ್ಲ. ಹಗುರಾಗಬೇಕಾಗಿದ್ದ ಅವನ ಮನಸ್ಸಿಗೆ ಯಾಕೋ ಬೇಸರವಾಯಿತು.

ಅಡುಗೆಮನೆಯ ಬಾಗಿಲು ಹಾರು ಹೊಡೆದಿತ್ತು. ಚಳಿಗಾಳಿ ನೇರ ಒಳಗೆ ನುಗ್ಗುತ್ತಿತ್ತು. ಅಜ್ಜ ಒಲೆಯ ಮುಂದೆ ಕೂತು ಚಹಾ ಸುರಿಯುತ್ತಿದ್ದರು, ನಡುನಡುವೆ ಕೆಮ್ಮುತ್ತಿದ್ದರು. ಅವರ ಮುಂದೆ ಅಂದು ನಾಲ್ಕು ಕಪ್ಪುಗಳಿದ್ದವು.

"ಅಜ್ಜಾರ, ಸಪ್ಪಳ ನಿಂತೈತ್ರಿ. ಗುರುಪಾದಣ್ಣ ಹೋದ್ರು," ಎನ್ನುತ್ತ ಮಾನಯ್ಯ ಬಾಗಿಲು ಮುಚ್ಚಲು ಎದ್ದ.

"ಹೋಗಿಲ್ಲೋ, ಹೊರಟಾನ," ಎಂದರು ಅಜ್ಜ. "ಡಾಕ್ಟರನ್ನ ಕರ್ಕೊಂಡ್ ಬರ್ತಾನ, ಬಾಗಿಲಾ ಹಾಕಬ್ಯಾಡ."