ಒಂಬತ್ತನೆಯ ಕವಲು

"ಗುರುಗಳೇ, ಗುರುತೇ ಬಿಡದೆ ಹಾದುಹೋಗುವ ಕಣವೊಂದು ಇದೆ ಎಂದು ಪುಸ್ತಕ ಹೇಳುತ್ತದೆ. ಯಾರೂ ಕಾಣದ್ದನ್ನು ನಾನು ಹೇಗೆ ನಂಬಲಿ?" ಎಂದು ಶಿಷ್ಯ ಕೇಳಿದ.

ಭೌತಶಾಸ್ತ್ರ ಕಲಿಸುತ್ತಲೇ ಮುಪ್ಪಾಗಿದ್ದ ಗುರುಗಳು ನೇರ ಉತ್ತರ ಕೊಡಲಿಲ್ಲ. ಒಂದು ಕತೆ ಹೇಳಿದರು.

ಒಂದು ಪ್ರಯೋಗಶಾಲೆಯಲ್ಲಿ ಒಬ್ಬ ವಿಜ್ಞಾನಿ ಇದ್ದ. ಫೋಟೋ ತೆಗೆಯಲು ಬಳಸುವಂಥ ಲೇಪವನ್ನು ದಪ್ಪಗೆ ಹಚ್ಚಿದ ಗಾಜಿನ ಫಲಕಗಳನ್ನು ಅವನು ಬಲೂನಿಗೆ ಕಟ್ಟಿ, ಮೋಡಗಳಿಗಿಂತ ಬಹಳ ಮೇಲಕ್ಕೆ ಕಳಿಸುತ್ತಿದ್ದ. ಆಕಾಶದಾಚೆಯಿಂದ ಬರುವ ಕಣಗಳು ಆ ಲೇಪವನ್ನು ತೂರಿಕೊಂಡು ಹೋಗುತ್ತಿದ್ದವು. ಫಲಕ ಕೆಳಗಿಳಿದ ಮೇಲೆ ಅದನ್ನು ಫೋಟೋ ತೊಳೆಯುವ ಹಾಗೆ ತೊಳೆದರೆ, ಕಣ ಹಾದ ದಾರಿಯಲ್ಲಿ ಕಪ್ಪು ಚುಕ್ಕೆಗಳ ಸಾಲು ಮೂಡುತ್ತಿತ್ತು. ಕೂದಲಿಗಿಂತ ತೆಳುವಾದ ಸಾಲು.

ಆ ಸಾಲುಗಳನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕಲು ಅವನು ಕೆಲವು ಹೆಂಗಸರನ್ನು ಇಟ್ಟುಕೊಂಡಿದ್ದ. ಅವರಲ್ಲಿ ಒಬ್ಬಳು ಪಂಕಜಮ್ಮ. ಮೊದಲು ರೇಷ್ಮೆ ನೂಲು ಬಿಚ್ಚುವ ಕೆಲಸದಲ್ಲಿದ್ದವಳು. ಎಳೆ ಎಲ್ಲಿ ಕಡಿಯಿತೆಂದು ಥಟ್ಟನೆ ಹೇಳುವ ಕಣ್ಣು ಅವಳದು. ವಿಜ್ಞಾನ ಓದಿದವಳಲ್ಲ. ವರ್ಷಕ್ಕೊಮ್ಮೆ ವಿಜ್ಞಾನಿ ಕಾಗದಕ್ಕೆ ರುಜು ಹಾಕಿದರೆ ಅವಳ ಕೆಲಸ ಉಳಿಯುತ್ತಿತ್ತು.

ಒಂದು ದಿನ ಅವಳಿಗೆ ವಿಚಿತ್ರವೊಂದು ಕಂಡಿತು. ಫಲಕದ ಒಂದು ಕಡೆ ಏನೋ ಸಿಡಿದು ಸಾಲುಗಳು ನಾನಾ ದಿಕ್ಕಿಗೆ ಚಿಮ್ಮಿದ್ದವು. ಅದು ಅವಳಿಗೆ ಹೊಸದಲ್ಲ. ಆದರೆ ಅದರಿಂದ ಸ್ವಲ್ಪ ದೂರದಲ್ಲಿ, ಏನೂ ಇಲ್ಲದ ಕಡೆಯಿಂದ, ಎರಡು ಸಾಲುಗಳು ಕವಲೊಡೆದು ಹೊರಟಿದ್ದವು. ಅವುಗಳ ಹಿಂದೆ ಒಂದು ಚುಕ್ಕೆಯೂ ಇರಲಿಲ್ಲ. ಅವಳು ಗಾಜು ಒರೆಸಿ ನೋಡಿದಳು. ಕಣ್ಣು ಒರೆಸಿಕೊಂಡು ನೋಡಿದಳು. ಬುಡವಿಲ್ಲದ ಕವಲು ಹೇಗೆ ಹುಟ್ಟಿತೆಂದು ತಿಳಿಯದೆ ವಿಜ್ಞಾನಿಯನ್ನು ಕರೆದಳು.

ಅವನು ಬಹಳ ಹೊತ್ತು ನೋಡಿ ಹೇಳಿದ: "ಪಂಕಜಮ್ಮ, ವಿದ್ಯುದಂಶವಿರುವ ಕಣ ಮಾತ್ರ ಚುಕ್ಕೆ ಮೂಡಿಸುತ್ತದೆ. ಅದಿಲ್ಲದ್ದು ಗುರುತು ಬಿಡದೆ ಹೋಗುತ್ತದೆ. ಅಲ್ಲಿ ಸಿಡಿದಾಗ ಅಂಥದೊಂದು ಹೊರಟು, ಇಲ್ಲಿಗೆ ಬಂದು, ಒಡೆದು ಎರಡಾಗಿರಬೇಕು. ಕವಲಿನ ಎರಡು ಕಾಲುಗಳನ್ನೂ ಅಳೆಯಿರಿ. ಎರಡೂ ಸೇರಿ ತೋರುವ ದಿಕ್ಕಿನಲ್ಲಿ ಹಿಂದಕ್ಕೆ ಒಂದು ಗೆರೆ ಎಳೆಯಿರಿ. ಗೆರೆ ಸಿಡಿದ ಜಾಗವನ್ನು ಮುಟ್ಟಿದರೆ ನನ್ನ ಊಹೆ ಸರಿ."

ಅವಳು ಅಳೆದಳು. ಗೆರೆ ಮುಟ್ಟಿತು. ಒಂದು ಸಾಲದು, ಇನ್ನೂ ಹುಡುಕಿ ಎಂದ ವಿಜ್ಞಾನಿ. ಎರಡು ವರ್ಷ ಹುಡುಕಿದಳು. ಒಟ್ಟು ಒಂಬತ್ತು ಕವಲು ಸಿಕ್ಕವು. ಎಂಟರ ಗೆರೆ ಸಿಡಿದ ಜಾಗವನ್ನು ಮುಟ್ಟಿತು. ಒಂಬತ್ತನೆಯದು ಮಾತ್ರ ಪಕ್ಕದಲ್ಲಿ ಹಾದುಹೋಯಿತು.

ಅಷ್ಟರಲ್ಲಿ ವಿಜ್ಞಾನಿ ದೊಡ್ಡ ಸಮ್ಮೇಳನಕ್ಕೆ ಹೊರಡುವುದಿತ್ತು. "ಕೂದಲೆಳೆಯಷ್ಟು ತಪ್ಪಿದೆ, ಅಷ್ಟೇ. ತೊಳೆದಾಗ ಲೇಪ ಕುಗ್ಗಿ ಸಾಲು ಸ್ವಲ್ಪ ಸರಿಯುತ್ತದೆ, ನಿಮಗೇ ಗೊತ್ತು. ಮುಟ್ಟಿತು ಎಂದೇ ಬರೆಯಿರಿ" ಎಂದ.

ಪಂಕಜಮ್ಮ ಪೆನ್ಸಿಲ್ ಹಿಡಿದು ಕೂತಳು. ಬರೆಯಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ. ಲೇಪ ಕುಗ್ಗುವುದು ನಿಜ. ಅವನು ಓದಿದವನು, ತಾನು ಏನು ಬಲ್ಲೆ? ಮೂರು ದಿನ ಅದೇ ಕವಲನ್ನು ನೋಡಿದಳು. ಮುಟ್ಟಲಿ ಎಂದುಕೊಂಡು ನೋಡಿದಾಗ ಮುಟ್ಟಿದ ಹಾಗೆ ಕಂಡಿತು. ಸುಮ್ಮನೆ ನೋಡಿದಾಗ ತಪ್ಪಿತು. ಇಷ್ಟು ವರ್ಷ ನೆಚ್ಚಿಕೊಂಡಿದ್ದ ತನ್ನ ಕಣ್ಣಿನ ಮೇಲೆಯೇ ಅವಳಿಗೆ ಅನುಮಾನ ಬಂತು, ಹೆದರಿಕೆಯಾಯಿತು.

ನಾಲ್ಕನೆಯ ದಿನ ಹಾಳೆಯನ್ನು ವಿಜ್ಞಾನಿಯ ಮೇಜಿನ ಮೇಲೆ ಇಟ್ಟಳು. ಅದರಲ್ಲಿ 'ಮುಟ್ಟಿಲ್ಲ' ಎಂದಿತ್ತು.

"ಕುಗ್ಗುವುದಕ್ಕೆ ಎಷ್ಟು ಕಳೆಯಬೇಕು, ಎಷ್ಟು ಕೂಡಬೇಕು ಎಂದು ನೀವೇ ಹೇಳಿಕೊಟ್ಟಿದ್ದೀರಿ ಸರ್. ಅದನ್ನು ಒಂಬತ್ತಕ್ಕೂ ಒಂದೇ ಸಮ ಮಾಡಿದ್ದೇನೆ. ಎಂಟು ಮುಟ್ಟಿದವು. ಇದಕ್ಕೊಂದಕ್ಕೆ ಬೇರೆ ನ್ಯಾಯ ಮಾಡಿದರೆ, ಆಮೇಲೆ ಆ ಎಂಟನ್ನೂ ನಾನು ನಂಬಲಾರೆ" ಎಂದಳು.

ವಿಜ್ಞಾನಿ ಮುಖ ಬಿಗಿದುಕೊಂಡ. ಆದರೂ ಹಾಳೆಯನ್ನು ತಿದ್ದಲಿಲ್ಲ. ಎಂಟು ಮುಟ್ಟಿದವು, ಒಂದು ಮುಟ್ಟಿಲ್ಲ ಎಂಬ ಲೆಕ್ಕವನ್ನೇ ಹಿಡಿದುಕೊಂಡು ಸಮ್ಮೇಳನಕ್ಕೆ ಹೋದ. ಒಂಬತ್ತನೆಯದರ ಗತಿ ಏನೆಂದು ಅಲ್ಲಿ ಕೇಳಿದರು. ಗೊತ್ತಿಲ್ಲ ಎಂದ. ಇನ್ನಷ್ಟು ಹುಡುಕಿ ಬನ್ನಿ ಎಂದು ಕಳಿಸಿದರು. ಆ ವರ್ಷ ಪಂಕಜಮ್ಮನ ಕಾಗದಕ್ಕೆ ರುಜು ಬೀಳಲಿಲ್ಲ. ಅವಳು ರೇಷ್ಮೆ ನೂಲಿನ ಕೆಲಸಕ್ಕೇ ಹಿಂದಿರುಗಿದಳು.

ಬಹಳ ವರ್ಷಗಳ ಮೇಲೆ ಬೇರೆ ಕಡೆಯ ದೊಡ್ಡ ಯಂತ್ರಗಳಲ್ಲಿ ಅದೇ ಕಣ ಸಾವಿರಗಟ್ಟಲೆ ಸಲ ಸಿಕ್ಕಿತು. ಅವಳ ಎಂಟು ಅಳತೆಗಳೂ ಅವುಗಳ ಜೊತೆ ಸರಿಯಾಗಿ ಕೂತವು. ಒಂಬತ್ತನೆಯದು ಏನಾಗಿತ್ತೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಗೊಂದಲ ಇನ್ನೂ ಹೆಚ್ಚಿತು.

"ಒಂಬತ್ತನೆಯದೂ ಅದೇ ಕಣ ಆಗಿದ್ದಿರಬಹುದಲ್ಲವೇ, ಗುರುಗಳೇ? ಹಾಗಿದ್ದರೆ ಅವಳು ಸುಮ್ಮನೆ ಕೆಲಸ ಕಳೆದುಕೊಂಡ ಹಾಗಾಯಿತು" ಎಂದ.

"ಆಗಿದ್ದಿರಬಹುದು. ಆದರೂ ಮುಟ್ಟಿಲ್ಲವೆಂದು ಅವಳು ಅದನ್ನು ಬಿಟ್ಟಳು, ಅದಕ್ಕೇ ನಾನು ಉಳಿದ ಎಂಟನ್ನು ನಂಬುತ್ತೇನೆ" ಎಂದರು ಗುರುಗಳು.